ಚಿತ್ರದ ಮುಂದೆ ನಿಂತಾಗ

ಚಿತ್ರಕಲೆಯನ್ನು ಕುರಿತು ಮಾತನಾಡಲು ನಾನು ಅಧಿಕಾರಿಯಲ್ಲ. ಮೂವತ್ತು ವರ್ಷಗಳಿಗೂ ಮಿಗಿಲಾಗಿ ತರಗತಿಯಲ್ಲಿ ಕಾವ್ಯವನ್ನು ಪಾಠ ಹೇಳಿದವನೇ ಹೊರತು ಕುಂಚ ಹಿಡಿದವನಲ್ಲ. ಆದರೂ ಈ ವಿಷಯವನ್ನು ಎತ್ತಿಕೊಂಡುದಕ್ಕೆ ಒಂದು ನೋಟುಬುಕ್ಕು ಕಾರಣ.

ಅಂಕೋಲೆಯಿಂದ ಯಲ್ಲಾಪುರಕ್ಕೆ ಹೋಗುವ ಹಾದಿಯಲ್ಲಿ, ಗಂಗಾವಳಿಯ ಕಣಿವೆಯಲ್ಲಿ ರಾಮನಗುಳಿ ಎಂಬ ಊರಿದೆ. ಆ ಊರಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗಳು ಬೆಂಗಳೂರಿನಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡುತ್ತಿದ್ದಾಳೆ. ಕಲಾವಿದರ ಕೃತಿಗಳನ್ನು ನೋಡಿ ತನಗೆ ಅನ್ನಿಸಿದ್ದನ್ನು ಬರೆದಿಡುವುದು ಅವಳ ಅಭ್ಯಾಸದ ಒಂದು ಭಾಗ. ರಜೆಯಲ್ಲಿ ಬಂದವಳು ಆ ಪುಸ್ತಕವನ್ನು ನನ್ನ ಮುಂದಿಟ್ಟು, "ಸರ್, ಕನ್ನಡ ಮಾತ್ರ ತಿದ್ದಿಕೊಡಿ" ಎಂದಳು. 'ಮಾತ್ರ' ಎಂಬ ಆ ಮಾತನ್ನು ನಾನು ಗಮನಿಸಲಿಲ್ಲ. ಕೆಂಪು ಲೇಖನಿಯನ್ನು ಹಿಡಿದು ಕುಳಿತೆ.

ಮೊದಲನೆಯ ಬರಹ ವೆಂಕಟಪ್ಪನವರನ್ನು ಕುರಿತದ್ದು. ಕೆ. ವೆಂಕಟಪ್ಪನವರು (1886-1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದವರು. ಊಟಿ, ಕೊಡೈಕಾನಲ್‌ಗಳ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದವರು. ಹುಡುಗಿ ಹೀಗೆ ಬರೆದಿದ್ದಳು: "ಮೊದಲ ದಿನ ನನಗೆ ಬೇಸರವಾಯಿತು. ಎಲ್ಲವೂ ಬಹಳ ಅಚ್ಚುಕಟ್ಟು, ಬಹಳ ಮೌನ." ಹಿರಿಯರನ್ನು ಕುರಿತು ಹೀಗೆ ಬರೆಯುವುದು ಸಲ್ಲದೆಂದು ಅಂಚಿನಲ್ಲಿ ಗುರುತು ಮಾಡಿದೆ. ಪುಟ ತಿರುವಿದರೆ ಎರಡನೆಯ ದಿನದ ಬರಹವಿತ್ತು: "ಇಂದು ಮಂಜನ್ನಷ್ಟೇ ನೋಡಿದೆ. ನಸುಕಿನ ಬಸ್ಸಿನಲ್ಲಿ ಅರಬೈಲು ಘಟ್ಟ ಇಳಿಯುವಾಗ ಮರಗಳು ಒಂದೊಂದಾಗಿ ಕಾಣಿಸಿಕೊಳ್ಳುವ ಹಾಗೆ, ನಿಂತಷ್ಟು ಹೊತ್ತೂ ಚಿತ್ರ ತೆರೆಯುತ್ತಿತ್ತು." ಅವಳು ನಿನ್ನೆಯ ಬೇಸರವನ್ನು ಅಳಿಸಿ ಹಾಕಿರಲಿಲ್ಲ. ಆ ಬೇಸರವನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡುದರಿಂದಲೇ ಎರಡನೆಯ ದಿನ ಅವಳಿಗೆ ಮಂಜು ಕಂಡಿತೆಂದು ಈಗ ನನಗೆ ಅನ್ನಿಸುತ್ತದೆ.

ಎರಡನೆಯದು ಕೆ.ಕೆ. ಹೆಬ್ಬಾರರ ರೇಖೆಗಳನ್ನು ಕುರಿತದ್ದು. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ನೆಲೆಸಿ, 1996ರಲ್ಲಿ ತೀರಿಕೊಂಡ ಹೆಬ್ಬಾರರನ್ನು ನಮ್ಮ ಕರಾವಳಿ ತನ್ನವರೆಂದು ಹೆಮ್ಮೆಪಡುತ್ತದೆ. ಅವರ ಕುಣಿತದ ಚಿತ್ರಗಳನ್ನು ನೋಡಿದ ಈ ಹುಡುಗಿ, "ಮುಖವಿನ್ನೂ ಮೂಡದಿದ್ದರೂ ಹೆಜ್ಜೆ ಬಿದ್ದಿದೆ. ಸುಗ್ಗಿಯಲ್ಲಿ ತುರಾಯಿ ಕಟ್ಟಿ ಕುಣಿಯುವ ನಮ್ಮ ಹಾಲಕ್ಕಿಗಳನ್ನು ದೂರದಿಂದ ನೋಡಿದಾಗ ಹೀಗೆಯೇ. ನನ್ನ ಕೈ ತಾನಾಗಿ ಗಾಳಿಯಲ್ಲಿ ಗೆರೆ ಎಳೆಯಿತು" ಎಂದು ಬರೆದಿದ್ದಳು. ಇಲ್ಲಿ ನಾನು, "ಇದು ಅನುಭವ, ವಿಮರ್ಶೆ ಎಲ್ಲಿ?" ಎಂದು ಕೆಂಪಿನಲ್ಲಿ ಕೇಳಿದೆ.

ಕೇಳಿದ ಮೇಲೆ ನನಗೇ ಸಂಕೋಚವಾಯಿತು. ವಿಷ್ಣುಧರ್ಮೋತ್ತರ ಪುರಾಣದಲ್ಲಿ ವಜ್ರ ಮಹಾರಾಜನು ಚಿತ್ರ, ಶಿಲ್ಪಗಳ ಲಕ್ಷಣವನ್ನು ತಿಳಿಯಬಯಸಿದಾಗ ಮಾರ್ಕಂಡೇಯರು ಹೇಳುವುದೇನು? ನೃತ್ಯವನ್ನರಿಯದೆ ಚಿತ್ರ ತಿಳಿಯದು, ವಾದ್ಯವನ್ನರಿಯದೆ ನೃತ್ಯ ತಿಳಿಯದು, ಗೀತವನ್ನರಿಯದೆ ವಾದ್ಯ ತಿಳಿಯದು ಎಂದು. ಹೆಬ್ಬಾರರು ಲಯವನ್ನು ಮೈಯಲ್ಲಿ ಅರಿಯಬೇಕೆಂದು ಕಥಕ್ ನೃತ್ಯವನ್ನು ಕಲಿತವರು. ವೆಂಕಟಪ್ಪನವರು ವೀಣೆ ಶೇಷಣ್ಣನವರಲ್ಲಿ ವೀಣಾಭ್ಯಾಸ ಮಾಡಿದವರು. ಪುರಾಣವೂ ಕಲಾವಿದರೂ ಒಂದೇ ಮಾತನ್ನು ಹೇಳುತ್ತಿರುವಾಗ, ಆ ಮಾತಿಗೆ ಕೈಯನ್ನೇ ಸಾಕ್ಷಿಯಾಗಿ ತಂದ ಹುಡುಗಿಗೆ ನಾನು ತಪ್ಪಿನ ಗುರುತು ಹಾಕಿದ್ದೆ.

ಮೂರನೆಯ ಬರಹ ನನ್ನನ್ನು ಇನ್ನೂ ಕಷ್ಟಕ್ಕೆ ಸಿಕ್ಕಿಸಿತು. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ ಅವರು ಸೆಗಣಿ, ಕುಂಕುಮ, ದಾರ ಮೊದಲಾದ ದಿನಬಳಕೆಯ ವಸ್ತುಗಳಿಂದ ಕಲಾಕೃತಿಗಳನ್ನು ರಚಿಸಿ ಜಗತ್ತಿನ ಮನ್ನಣೆ ಪಡೆದವರು. 1998ರಿಂದ 2001ರ ನಡುವೆ ಅವರು ರೂಪಿಸಿದ ಒಂದು ಕೃತಿಯಲ್ಲಿ, ಸೂಜಿಗಳ ಕಣ್ಣಿನಲ್ಲಿ ಪೋಣಿಸಿದ ಉದ್ದುದ್ದನೆಯ ದಾರಗಳನ್ನು ಒಟ್ಟುಗೂಡಿಸಿ, ಕುಂಕುಮ ಬಳಿದು ಹಗ್ಗಗಳನ್ನಾಗಿ ಮಾಡಲಾಗಿದೆ. ಕೆಂಪು ಹಗ್ಗ ಗೋಡೆಯ ಮೇಲೂ ನೆಲದ ಮೇಲೂ ಹರಿದು ಹೋಗುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು ಹಾಗೆಯೇ ಉಳಿದಿರುತ್ತದೆ. 'ನನ್ನ ನೋವನ್ನು ಅವನಿಗೆ ಹೇಳು' ಎಂಬುದು ಅದರ ಹೆಸರಿನ ತಾತ್ಪರ್ಯ. ನಾನು ಅದನ್ನು ಅಚ್ಚಾದ ಚಿತ್ರದಲ್ಲಷ್ಟೇ ಕಂಡವನು. "ಅವನು ಯಾರು? ಈ ಕೃತಿಯ ಅರ್ಥವೇನು?" ಎಂದು ಹುಡುಗಿಯನ್ನು ಕೇಳಿದೆ.

"ಅವನು ಯಾರೆಂದು ನನಗೂ ಗೊತ್ತಿಲ್ಲ ಸರ್. ಆದರೆ ಅಷ್ಟು ಉದ್ದದ ದಾರವನ್ನು ಸೂಜಿಯಿಂದ ಎಳೆದೆಳೆದು ತೆಗೆದವರ ಬೆರಳು ನೋಯುತ್ತದಲ್ಲ? ಅದು ಮಾತ್ರ ಗೊತ್ತಾಯಿತು" ಎಂದಳು.

ಈ ಉತ್ತರವನ್ನು ಕೇಳಿದಾಗ ನನಗೆ ರವೀಂದ್ರನಾಥರ ನೆನಪಾಯಿತು. ಅವರು ನಮ್ಮ ಕಾರವಾರಕ್ಕೆ ಅಪರಿಚಿತರಲ್ಲ. 1883ರಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಉಳಿದಿದ್ದು, ಈ ಕಡಲತೀರದಲ್ಲಿ ನಡೆದಾಡಿದವರು. ಜೀವಮಾನವಿಡೀ ಮಾತನ್ನೇ ಆರಾಧಿಸಿದ ಆ ಕವಿ ಅರುವತ್ತು ದಾಟಿದ ಮೇಲೆ ಚಿತ್ರರಚನೆಗೆ ತೊಡಗಿದರು. 1930ರಲ್ಲಿ ಪ್ಯಾರಿಸಿನಲ್ಲಿ ಅವರ ಚಿತ್ರಗಳ ಮೊದಲ ಪ್ರದರ್ಶನ ನಡೆಯಿತು. ಆದರೆ ತಮ್ಮ ಚಿತ್ರಗಳಿಗೆ ಹೆಸರಿಡಲು ಅವರು ಒಪ್ಪುತ್ತಿರಲಿಲ್ಲ. ಮಾತಿನ ಅರಸನೇ ಚಿತ್ರದ ಬಾಗಿಲಲ್ಲಿ ಮಾತನ್ನು ಕಳಚಿಟ್ಟು ಒಳಗೆ ಹೋದರೆ, ಕನ್ನಡದ ಮೇಷ್ಟರಾದ ನಾನು ಅದನ್ನು ಹೊತ್ತುಕೊಂಡೇ ಹೋಗುತ್ತೇನೆಂದು ಹಟ ಹಿಡಿದಿದ್ದೆ.

ಇಷ್ಟೇ ಆಗಿದ್ದರೆ ಇದು ಮೇಷ್ಟರೊಬ್ಬರ ಸಣ್ಣ ಪಶ್ಚಾತ್ತಾಪವಾಗುತ್ತಿತ್ತು. ಆದರೆ ನೋಟುಬುಕ್ಕಿನಲ್ಲಿ ಇನ್ನೊಂದು ಪುಟವಿತ್ತು. ಅದರ ನೆತ್ತಿಯಲ್ಲಿ ನಮ್ಮ ಮನೆದೇವರ ಗುಡಿಯ ಹೆಸರು, ಕೆಳಗೆಲ್ಲ ಖಾಲಿ. "ಆ ಗೋಡೆಯ ಮೇಲೆ ಕಾವಿ ಚಿತ್ರಗಳಿದ್ದುವಂತೆ. ನೀವು ನೋಡಿದ್ದೀರಲ್ಲ ಸರ್, ಏನೇನಿತ್ತು?" ಎಂದು ಕೇಳಿದಳು.

ಕಾವಿ ಕಲೆ ಕೊಂಕಣ ತೀರದ ಸೊತ್ತು. ಕಡಲ ಚಿಪ್ಪನ್ನು ಸುಟ್ಟ ಸುಣ್ಣಕ್ಕೆ ತೊಳೆದ ಹೊಳೆಮರಳನ್ನೂ ಬೆಲ್ಲದ ನೀರನ್ನೂ ಬೆರೆಸಿ, ದಿನಗಟ್ಟಲೆ ಹುಳಿಯಲು ಬಿಟ್ಟು, ಕುಟ್ಟಿ ನಯಮಾಡಿ ಗೋಡೆಗೆ ಗಾರೆ ಹಚ್ಚುತ್ತಿದ್ದರು. ಅದರ ಮೇಲೆ ಕೆಮ್ಮಣ್ಣಿನ ಬಣ್ಣದ ತೆಳುವಾದ ಲೇಪ. ಹಸಿ ಆರುವ ಮೊದಲೇ ಮೊನೆಯಾದ ಉಪಕರಣದಿಂದ ಕೆಂಪನ್ನು ಕೆರೆದರೆ ಒಳಗಿನ ಬಿಳುಪು ಗೆರೆಯಾಗಿ ಮೂಡುತ್ತಿತ್ತು. ಬಣ್ಣ ಒಂದೇ, ಕೈ ತಪ್ಪಿದರೆ ಒರೆಸಿ ತಿದ್ದುವಂತಿಲ್ಲ. ಹೊನ್ನಾವರದವರಾದ ಕೃಷ್ಣಾನಂದ ಕಾಮತರು (1934-2002) ಇಂಥ ಗೋಡೆಗಳನ್ನು ಹುಡುಕಿಕೊಂಡು ತಿರುಗಿ, ಛಾಯಾಚಿತ್ರ ತೆಗೆದು, ಅವುಗಳನ್ನು ಕುರಿತು ಬರೆದರು. ಅವರು ನೋಡಿದಂತೆ ನಾವು ನೋಡಲಿಲ್ಲ.

ನಮ್ಮ ಗುಡಿಯ ಜೀರ್ಣೋದ್ಧಾರದ ಮಾತು ಬಂದಾಗ ಸಮಿತಿಯಲ್ಲಿ ನಾನೂ ಇದ್ದೆ. ಗೋಡೆ ಬಿರುಕು ಬಿಟ್ಟಿತ್ತು, ಮಳೆಗೆ ಸೋರುತ್ತಿತ್ತು. ಹಳೆಯ ಗೋಡೆಯನ್ನು ತೆಗೆದು ಹೊಸತನ್ನು ಕಟ್ಟಿ ನಯವಾದ ಕಲ್ಲು ಹೊದಿಸುವುದೆಂದು ತೀರ್ಮಾನವಾಯಿತು. ಯಾರೋ ಒಬ್ಬರು ಮೆಲ್ಲನೆ ಚಿತ್ರಗಳ ಪ್ರಸ್ತಾಪ ಮಾಡಿದರು. "ಅದರಲ್ಲಿ ಅಂಥದ್ದೇನಿದೆ?" ಎಂದು ಕೇಳಿದವನು ನಾನೇ. ಪಂಪ, ಕುಮಾರವ್ಯಾಸರನ್ನು ಪಾಠ ಹೇಳಿದವನ ಮಾತಿಗೆ ಊರಿನಲ್ಲಿ ಬೆಲೆಯಿತ್ತು. ಎಲ್ಲರೂ ಸಹಿ ಮಾಡಿದರು, ನಾನೂ ಮಾಡಿದೆ. ಗಂಗಾವಳಿಯ ನೆರೆ 2019ರಲ್ಲಿ ಈ ಸೀಮೆಯಲ್ಲಿ ಏನೇನನ್ನೋ ಕೊಚ್ಚಿಕೊಂಡು ಹೋಯಿತು. ಆದರೆ ಆ ಗೋಡೆಯನ್ನು ಕೆಡವಿದುದು ನೆರೆಯಲ್ಲ, ನಮ್ಮ ಸಹಿ.

ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕಿದೆ. ಎಷ್ಟೋ ವರ್ಷ ಪ್ರದಕ್ಷಿಣೆ ಹಾಕಿದ ಗೋಡೆ. ದಶಾವತಾರವಿತ್ತೆ? ಬಳ್ಳಿಯ ಅಂಚಿತ್ತೆ? ಇದ್ದಿರಬೇಕು ಎಂದೆನಿಸಿತೇ ಹೊರತು ಒಂದೂ ಕಣ್ಣಿಗೆ ಕಟ್ಟಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಆನೆ ನೆನಪಾಯಿತು, ಅದೂ ಕಣ್ಣಿಗಲ್ಲ, ಬೆರಳಿಗೆ. ಮೂಲೆಯಲ್ಲಿ, ಮಗುವಿನ ಎತ್ತರದಲ್ಲಿ ಒಂದು ಸಣ್ಣ ಆನೆ. ಮಂಗಳಾರತಿಗೆ ಕಾಯುತ್ತ ಅದರ ಬೆನ್ನಿನ ಗೆರೆಯ ತಗ್ಗಿನಲ್ಲಿ ಬೆರಳಾಡಿಸುತ್ತಿದ್ದೆ. ಆಗ ನನಗೆ ಅದರ ಅರ್ಥವೇನೆಂದು ಕೇಳಬೇಕೆನಿಸಿರಲಿಲ್ಲ.

"ಅಷ್ಟು ಸಾಕು ಸರ್" ಎಂದು ಅವಳು ಬರೆದುಕೊಂಡಳು. ನಾನು ಹೇಳಿದ ಹಾಗೆ ಒಂದು ಗೆರೆಯನ್ನೂ ಎಳೆದಳು. ಆ ಪುಟದಲ್ಲಿ ನಾನು ಏನನ್ನೂ ತಿದ್ದಲಿಲ್ಲ.

ಶ್ರೋತೃಗಳೇ, ನಾವು ಪಂಡಿತರ ವಿಮರ್ಶೆಗೆ ಕೊಡುವ ಬೆಲೆಯನ್ನು ನೋಡುವವನ ಮೊದಲ ಅನಿಸಿಕೆಗೆ ಕೊಡುವುದಿಲ್ಲ. ಆದರೆ ಅನಿಸಿಕೆಯೇ ಇಲ್ಲದವನ ವಿಮರ್ಶೆ ಎಂಥದು ಎಂಬುದಕ್ಕೆ ನಾನೇ ನಿದರ್ಶನ. ಕರಾವಳಿಯಲ್ಲಿ ಕಾವಿಯ ಗೋಡೆಗಳು ಇನ್ನೂ ಕೆಲವು ಉಳಿದಿವೆ. ಉಡುಪಿಯ ಕಡೆಯ ಜನಾರ್ದನ ಹಾವಂಜೆಯವರಂಥ ಕಲಾವಿದರು ಈ ಕಲೆಯನ್ನು ಮತ್ತೆ ಕೈಗೆತ್ತಿಕೊಂಡಿದ್ದಾರೆ. ನಿಮ್ಮ ಊರಿನ ಗುಡಿಯಲ್ಲಿಯೋ ಹಳೆಯ ಮನೆಯಲ್ಲಿಯೋ ಅಂಥ ಗೋಡೆಯಿದ್ದರೆ, ಸಹಿ ಮಾಡುವ ಮೊದಲು ಒಂದು ಗಳಿಗೆ ಅದರ ಮುಂದೆ ನಿಲ್ಲಿರಿ. ಜೊತೆಯಲ್ಲಿ ಒಂದು ಮಗುವನ್ನೂ ಕರೆದೊಯ್ಯಿರಿ. ಅದು ಏನನ್ನು ಬೆರಳಿಟ್ಟು ತೋರಿಸುತ್ತದೆಯೋ ಅದನ್ನು ನೀವೂ ನೋಡಿರಿ.