ಹಬ್ಬದ ಉಡುಗೊರೆಗೆ ಸಾಲ ಬೇಡ, ಒಂದು ಬಾಟಲಿ ಹಿಂಡಿ ಸಾಕು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾವು ಎಸ್.ಎಸ್.ಎಲ್.ಸಿ. ತನಕ ಓದಿದವರು, ಒಕ್ಕಲುತನ ಮಾಡಿ ಬದುಕುವವರು. ದೊಡ್ಡ ಭಾಷಣ ನಮಗೆ ಬರೂದಿಲ್ಲ. ಸಹಕಾರ ಚಳವಳಿಯ ಬಗ್ಗೆ ನಮಗಿಂತ ಮೊದಲು ಮಾತಾಡಿದ ಹಿರಿಯರು ಚೆನ್ನಾಗಿ ಹೇಳಿದ್ದಾರೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಹಚ್ಚಿದ ದೀಪ ನಮ್ಮ ಕಾಗಿಣಾ ದಂಡಿಯ ಹಳ್ಳಿಗಳ ತನಕ ಬಂದಿದೆ ಎಂಬುದು ನಮಗೆಲ್ಲ ಹೆಮ್ಮೆ. ನಾವು ಇವತ್ತು ಹೇಳುವುದು ಸಣ್ಣ ವಿಷಯ. ಅಡಿಗಿ ಮನಿಯ ವಿಷಯ. ಅದರ ಜೊತೆಗೆ ನಮ್ಮ ಸಂಘದ ಸುಸ್ತಿ ಸಾಲದ ವಿಷಯ. ಇವೆರಡಕ್ಕೂ ಏನು ಸಂಬಂಧ ಅಂತ ನೀವು ನಗಬಹುದು. ಸ್ವಲ್ಪ ಕೇಳಿರಿ.

ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಮುಖ್ಯ ಬೆಳೆ ತೊಗರಿ. 2019ರಲ್ಲಿ ಕಲಬುರಗಿ ತೊಗರಿ ಬ್ಯಾಳಿಗೆ ಭೌಗೋಳಿಕ ಸೂಚಕ ಸಿಕ್ಕಿತು. ಮುಂಗಾರಿಗೆ ಬಿತ್ತಿದ ತೊಗರಿ ರಾಶಿ ಆಗುವುದು ಡಿಸೆಂಬರ್ ಕೊನೆಗೆ ಇಲ್ಲವೇ ಜನವರಿಗೆ. ಆದರೆ ಹಬ್ಬಗಳು ನಮ್ಮ ರಾಶಿಗೆ ಕಾಯುವುದಿಲ್ಲ. ಎಳ್ಳಮಾಸಿ ಬರ್ತದ, ಅದರ ಹಿಂದು ಮುಂದು ಕ್ರಿಸ್‌ಮಸ್ ಬರ್ತದ, ಆಮೇಲೆ ಸಂಕ್ರಾಂತಿ. ತೊಗರಿ ಇನ್ನೂ ಹೊಲದಾಗ ನಿಂತಿರ್ತದ, ರೊಕ್ಕ ಕೈಗೆ ಬಂದಿರೂದಿಲ್ಲ. ಮಗಳ ಮನಿಗೆ, ತಂಗಿ ಮನಿಗೆ, ಬೀಗರಿಗೆ, ಗೆಳೆಯರಿಗೆ ಏನಾದರೂ ಕೊಡಲೇಬೇಕು. ಬರಿಗೈಲೆ ಹೋಗುವ ರೂಢಿ ನಮ್ಮಲ್ಲಿ ಇಲ್ಲ.

ಆಗ ಏನು ಮಾಡುತ್ತೇವೆ? ಕೈಗಡ ತರುತ್ತೇವೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಅಂದರೆ ವರ್ಷಕ್ಕೆ ನೂರಕ್ಕೆ 36. ರಾಶಿ ಆದ ಕೂಡಲೇ ಅವನು ಬಾಗಿಲಿಗೆ ಬಂದು ನಿಲ್ಲುತ್ತಾನೆ. ಮೊದಲ ರೊಕ್ಕ ಅವನಿಗೆ ಹೋಗುತ್ತದೆ. ಸಂಘದ ಬೆಳೆ ಸಾಲ ಸಕಾಲಕ್ಕೆ ಕಟ್ಟಿದರೆ ಬಡ್ಡಿಯೇ ಇಲ್ಲ, ಆದರೆ ಕಟ್ಟಲು ಕೈಯಲ್ಲಿ ರೊಕ್ಕ ಇರುವುದಿಲ್ಲ. ಗಡುವು ತಪ್ಪುತ್ತದೆ, ಬಡ್ಡಿ ರಿಯಾಯಿತಿ ಹೋಗುತ್ತದೆ, ನಾವು ಸುಸ್ತಿದಾರರ ಪಟ್ಟಿಯಲ್ಲಿ ಬರುತ್ತೇವೆ. ನಿರ್ದೇಶಕರಾಗಿ ಆ ಪಟ್ಟಿ ಓದುವಾಗ ನಮಗೆ ಬಹಳ ಸಂಕಟ ಆಗ್ತದ. ಯಾಕಂದ್ರ ಒಂದು ವರ್ಷ ನಾವೂ ಆ ಪಟ್ಟಿಯ ಬಾಗಿಲ ತನಕ ಹೋಗಿ ಬಂದವರೇ.

ಅದು 2022. ಆ ವರ್ಷ ನೆಟೆ ರೋಗ ಬಿದ್ದು ನಮ್ಮ ಜಿಲ್ಲೆಯ ತೊಗರಿ ಹೂವು ಕಾಯಿ ಹಿಡಿದ ಹೊತ್ತಿನಲ್ಲೇ ಒಣಗಿದ್ದು ನಿಮಗೆಲ್ಲ ನೆನಪಿರಬೇಕು. ನಮ್ಮ ಹೊಲದಲ್ಲೂ ಅರ್ಧಕ್ಕಿಂತ ಹೆಚ್ಚು ಹೋಯಿತು. ಎಳ್ಳಮಾಸಿ ಡಿಸೆಂಬರ್ 23ಕ್ಕೆ, ಎರಡು ದಿನ ಬಿಟ್ಟು ಕ್ರಿಸ್‌ಮಸ್. ನಮ್ಮ ತಂಗಿಯನ್ನು ಚಿತ್ತಾಪುರ ಕಡೆ ಕೊಟ್ಟಿದ್ದೇವೆ. ವಾಡಿಯ ರೈಲ್ವೆ ಕಾಲೊನಿಯಲ್ಲಿ ನಮ್ಮ ಒಬ್ಬ ಗೆಳೆಯರಿದ್ದಾರೆ, ಕ್ರೈಸ್ತರು. ಅವರ ಮನಿಯಿಂದ ಪ್ರತಿ ಕ್ರಿಸ್‌ಮಸ್ಸಿಗೆ ಕೇಕು, ಕರ್ಚಿಕಾಯಿ, ಶಂಕರಪೋಳಿ ನಮ್ಮ ಮನಿಗೆ ತಪ್ಪದೆ ಬರುತ್ತವೆ. ನಾವು ಅಂಗಡಿಯಿಂದ ಸಿಹಿ ಡಬ್ಬಿ, ಒಂದು ಬಟ್ಟಿ ಒಯ್ಯುತ್ತಿದ್ದೆವು. ಆ ವರ್ಷ ಜೇಬು ಖಾಲಿ. ಕೈಗಡ ತರಲಿಕ್ಕೆ ಹೊರಟು ಚಪ್ಪಲಿ ಮೆಟ್ಟಿದ್ದೆವು.

ನಮ್ಮವ್ವ ಕಟ್ಟಿಮ್ಯಾಲ ಕೂತಾಕಿ ಕೇಳಿದಳು, “ಎಲ್ಲಿಗಪ್ಪಾ?” ಹೇಳಿದೆವು. “ಸಾಲ ಮಾಡಿ ಸಿಹಿ ಕೊಟ್ರ ಅದು ಯಾರಿಗೆ ಸಿಹಿ ಆಗ್ತದೋ? ಮನ್ಯಾಗ ಶೇಂಗಾ ಇಲ್ಲೇನು, ಖಾರ ಇಲ್ಲೇನು? ಹಿಂಡಿ ಕುಟ್ಟಿ ಬಾಟಲ್ಯಾಗ ತುಂಬಿ ಕೊಡು. ನಿನ್ನ ತಂಗಿ ಬಾಯಿಗೆ ತವರ ರುಚಿ ಆಗ್ತದ” ಅಂದಳು. ನಮಗೆ ನಾಚಿಕಿ. ಬೀಗರ ಮನಿಗೆ ಹಿಂಡಿ ಬಾಟಲಿ ಒಯ್ದರೆ ಏನಂದಾರು ಅಂತ ಅಂಜಿಕಿ. ಆದರೂ ಅವ್ವನ ಮಾತು ಮೀರಲಿಲ್ಲ.

ಬಂಧುಗಳೇ, ಖರೆ ಹೇಳಬೇಕಂದ್ರ ಮೊದಲನೇ ಸಲ ನಾವು ಸೋತೆವು. ಹಳೇ ಕಾಫಿ ಪುಡಿ ಬಾಟಲಿ, ಹಾರ್ಲಿಕ್ಸ್ ಬಾಟಲಿ ಸಂಜಿಮುಂದ ತೊಳೆದು, ಒಳಗಿನ ಪಸಿ ಆರುವ ಮೊದಲೇ ಗಡಿಬಿಡಿಯಲ್ಲಿ ಬಿಸಿ ಹಿಂಡಿ ತುಂಬಿ ಮುಚ್ಚಿಬಿಟ್ಟೆವು. ಹದಿನೈದು ದಿನಕ್ಕೆ ವಾಡಿಯ ವೈನಿ ಅವರ ಫೋನು ಬಂತು. ನಮಗೆ ಏನೂ ಅನಲಿಲ್ಲ, ಅವ್ವನಿಗೆ ಕೊಡು ಅಂದರು. “ಅವ್ವಾ, ರುಚಿ ಭಾಳ ಛಲೋ ಇತ್ತು, ಖರೆ ಈಗ ತಳದಾಗ ಬೂಸರ ಬಂದದ. ಬಾಟಲಿ ಹಸಿ ಇತ್ತೇನು?” ಅಂತ ಕೇಳಿದರು. ಆ ದಿನ ನಮ್ಮ ತಲಿ ಕೆಳಗಾಯಿತು. ಆದರೆ ಮುಚ್ಚಿಡದೆ ಹೇಳಿದರಲ್ಲ, ಅದು ದೊಡ್ಡ ಉಪಕಾರ. ಸಂಕ್ರಾಂತಿಗೆ ಮತ್ತೆ ಮಾಡಿ ಕಳಿಸಿದೆವು. ಅಂದಿನಿಂದ ಇಂದಿನವರೆಗೆ ಕೆಟ್ಟಿಲ್ಲ. ಆ ತಪ್ಪಿನಿಂದ ಕಲಿತದ್ದನ್ನೇ ಈಗ ನಿಮ್ಮ ಮುಂದೆ ಇಡುತ್ತೇವೆ.

ಮೊದಲು ಬಾಟಲಿಯ ಮಾತು. ಗಾಜಿನ ಬಾಟಲಿಯೇ ಆಗಬೇಕು. ಸಾಬೂನಿನಿಂದ ತೊಳೆದು, ಬೋಗುಣಿಯಲ್ಲಿ ತಣ್ಣೀರಿನೊಳಗೆ ಮುಳುಗಿಸಿ ಒಲಿ ಮೇಲೆ ಇಡಬೇಕು. ಕುದಿ ಬಂದ ಮೇಲೆ 10 ನಿಮಿಷ ಬಿಡಬೇಕು. ತಣ್ಣನೆ ಬಾಟಲಿಯನ್ನು ಕುದಿಯುವ ನೀರಿಗೆ ಹಾಕಿದರೆ ಸೀಳುತ್ತದೆ. ಆಮೇಲೆ ಸ್ವಚ್ಛ ಅರಿವಿಯ ಮೇಲೆ ಬೋರಲು ಹಾಕಿ, ಮರುದಿನ ಪೂರ್ತಿ ಬಿಸಿಲಿಗೆ ಇಡಬೇಕು. ಮುಚ್ಚಳವೂ ಹಾಗೆಯೇ ಒಣಗಬೇಕು. ತುಂಬುವ ಪದಾರ್ಥ ಪೂರ್ತಿ ಆರಿರಬೇಕು. ಬಿಸಿ ಇದ್ದಾಗ ಮುಚ್ಚಿದರೆ ಒಳಗೆ ಬೆವರುತ್ತದೆ, ಆ ಬೆವರೇ ಬೂಸರಕ್ಕೆ ಮೂಲ.

ಇನ್ನು ಶೇಂಗಾ ಹಿಂಡಿ. ಒಂದು ಕಿಲೋ ಶೇಂಗಾ, 100 ಗ್ರಾಂ ಕೆಂಪು ಖಾರದ ಪುಡಿ, 100 ಗ್ರಾಂ ಬಳ್ಳೊಳ್ಳಿ, ಎರಡು ದೊಡ್ಡ ಚಮಚ ಜೀರಗಿ, ರುಚಿಗೆ ಉಪ್ಪು, ನಿಂಬಿಕಾಯಿ ಗಾತ್ರದ ಒಣ ಹುಣಸಿಹಣ್ಣು. ಶೇಂಗಾ ಸಣ್ಣ ಉರಿಯಲ್ಲಿ ಹುರಿದು ಸಿಪ್ಪಿ ತೂರಬೇಕು. ಬಳ್ಳೊಳ್ಳಿಯನ್ನು ಒಂದು ಚಮಚ ಎಣ್ಣೆಯಲ್ಲಿ ಕೆಂಪಗೆ ಹುರಿಯಬೇಕು, ಹಸಿ ಹಾಕಿದರೆ ಹಿಂಡಿ ಬೇಗ ಕೆಡುತ್ತದೆ. ಒರಳಿನಲ್ಲಿ ತರಿತರಿಯಾಗಿ ಕುಟ್ಟಬೇಕು. ಮಿಕ್ಸರಿನಲ್ಲಿ ಬಹಳ ಹೊತ್ತು ತಿರುವಿದರೆ ಎಣ್ಣೆ ಬಿಟ್ಟು ಮುದ್ದಿ ಆಗುತ್ತದೆ. ಇಷ್ಟರಲ್ಲಿ ಕಾಲು ಕಿಲೋದ ನಾಲ್ಕು ಬಾಟಲಿ ತುಂಬುತ್ತವೆ. ಒಂದು ತಿಂಗಳು ಧಾರಾಳ ಇರುತ್ತದೆ.

ಒಂದು ಮಾತು ಮಾತ್ರ ಎಲ್ಲರೂ ನೆನಪಿಡಬೇಕು. ಸುಕ್ಕಿದ, ಕರಿ ಬಿದ್ದ, ಬೂಸರ ಹತ್ತಿದ ಶೇಂಗಾ ಕಾಳು ಆರಿಸಿ ತೆಗೆಯಬೇಕು. ಆ ಬೂಸರದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುತ್ತದೆ, ಅದು ಲಿವರಿಗೆ ಕೇಡು. ಹುರಿದರೆ ಅದು ಪೂರ್ತಿ ಹೋಗುವುದಿಲ್ಲ. ದನಕ್ಕೂ ಅದನ್ನು ಹಾಕಬೇಡಿರಿ. ನಾಲ್ಕು ಹಿಡಿ ಕಾಳು ಉಳಿಸಲು ಹೋಗಿ ಮಂದಿಗೆ ವಿಷ ಕೊಟ್ಟಂಗ ಆಗಬಾರದು.

ಅಗಸಿ ಹಿಂಡಿ, ಗುರೆಳ್ಳ ಹಿಂಡಿಯನ್ನೂ ಹೀಗೆಯೇ ಮಾಡಬಹುದು. ಅಗಸಿ ಕುಟ್ಟಿದ ಮೇಲೆ ಬೇಗ ಕಮಟುತ್ತದೆ, ಅದಕ್ಕೆ ಸಣ್ಣ ಬಾಟಲಿಯಲ್ಲಿ ಕೊಡಿರಿ. ನಮ್ಮ ತೊಗರಿ ಬ್ಯಾಳಿಯ ಪುಡಿ ಇನ್ನೂ ಸೋವಿ. ಗಡಿ ಆಚೆ ತಾಂಡೂರ ಕಡೆಯವರು ಅದಕ್ಕೆ ಕಂದಿ ಪೊಡಿ ಅನ್ನುತ್ತಾರೆ. ಅರ್ಧ ಕಿಲೋ ಬ್ಯಾಳಿಯನ್ನು ಎಣ್ಣೆ ಹಾಕದೆ ಕೆಂಪಗೆ ಹುರಿದು, 15–20 ಒಣ ಮೆಣಸಿನಕಾಯಿ, ಎರಡು ಚಮಚ ಜೀರಗಿ, ಉಪ್ಪು ಸೇರಿಸಿ ಪುಡಿ ಮಾಡಿದರಾಯಿತು. ಬಿಸಿ ಅನ್ನಕ್ಕೆ ತುಪ್ಪದ ಜೊತೆ ಕಲಸಿ ಉಂಡರೆ ಬೇರೆ ಪಲ್ಯ ಬೇಕಿಲ್ಲ.

ನಿಂಬಿ ಉಪ್ಪಿನಕಾಯಿ ಕೊಡುವವರು ನವೆಂಬರಿನಲ್ಲೇ ಹಾಕಬೇಕು. ಒಂದು ಕಿಲೋ ನಿಂಬಿಕಾಯಿ ತೊಳೆದು, ಪಸಿ ಇಲ್ಲದಂತೆ ಒರಸಿ, ಹೋಳು ಮಾಡಿ, 200 ಗ್ರಾಂ ಉಪ್ಪು, ಒಂದು ಚಮಚ ಅರಿಶಿಣ ಬೆರೆಸಿ ಬರಣಿಯಲ್ಲಿ ಹಾಕಬೇಕು. ದಿನಾ ಒಮ್ಮೆ ಕುಲುಕಬೇಕು. ಸಿಪ್ಪಿ ಮೆತ್ತಗಾದ ಮೇಲೆ 100 ಗ್ರಾಂ ಖಾರ, ಹುರಿದ ಮೆಂತೆ ಪುಡಿ ಸೇರಿಸಬೇಕು. ಉಪ್ಪು, ಹುಳಿ ಎರಡೂ ಇರುವುದರಿಂದ ಅದು ಕೆಡುವುದಿಲ್ಲ. ತಗಡಿನ ಮುಚ್ಚಳ ಮಾತ್ರ ತುಕ್ಕು ಹಿಡಿಯುತ್ತದೆ, ಪ್ಲಾಸ್ಟಿಕ್ ಮುಚ್ಚಳ ನೋಡಿಕೊಳ್ಳಿರಿ. ಹಸಿ ಬಳ್ಳೊಳ್ಳಿಯನ್ನು ಬರೀ ಎಣ್ಣೆಯಲ್ಲಿ ಮುಳುಗಿಸಿ ಬಾಟಲಿ ಮುಚ್ಚಿ ದಿನಗಟ್ಟಲೆ ಇಡಬೇಡಿರಿ. ಗಾಳಿ ಆಡದ ಕಡೆ ಬೆಳೆಯುವ ವಿಷಕ್ರಿಮಿ ಅದರಲ್ಲಿ ಹುಟ್ಟಬಹುದು, ಅದು ಕಣ್ಣಿಗೆ ಕಾಣುವುದಿಲ್ಲ, ವಾಸನಿಯೂ ಬರುವುದಿಲ್ಲ.

ಸಿಹಿ ಬೇಕಾದವರಿಗೆ ಶೇಂಗಾ ಉಂಡಿ ಇದೆ. ಅರ್ಧ ಕಿಲೋ ಹುರಿದ ಶೇಂಗಾ, 300 ಗ್ರಾಂ ಬೆಲ್ಲ, ಎರಡು ಯಾಲಕ್ಕಿ. ಕುಟ್ಟಿ ಉಂಡಿ ಕಟ್ಟಿದರೆ ಆಯಿತು, ಪಾಕದ ಗೋಜಿಲ್ಲ. ಅಗಲ ಬಾಯಿಯ ಬಾಟಲಿಯಲ್ಲಿ ಇಟ್ಟರೆ ನೋಡಲಿಕ್ಕೂ ಚೆಂದ.

ಬಾಟಲಿಯ ಬಾಯಿಗೆ ದರ್ಜಿ ಅಂಗಡಿಯಲ್ಲಿ ಉಳಿದ ಖಣದ ತುಂಡು ಕಟ್ಟಿರಿ. ಒಳಗೆ ಏನಿದೆ, ಯಾವ ದಿನ ಮಾಡಿದ್ದು, ಎಷ್ಟು ದಿನದೊಳಗೆ ತಿನ್ನಬೇಕು ಎಂದು ಚೀಟಿ ಬರೆದು ಹಚ್ಚಿರಿ. ಸಾಲಿಗೆ ಹೋಗುವ ಮಕ್ಕಳಿಂದ ಬರೆಸಿರಿ, ಅವರಿಗೂ ಖುಷಿ. ಶೇಂಗಾ ಒಗ್ಗದ ಮಂದಿಯೂ ಇರುತ್ತಾರೆ, ಅದಕ್ಕೆ ಚೀಟಿ ಬೇಕೇ ಬೇಕು.

ಇದೇನು ನಮ್ಮ ಸೀಮೆಯ ಹೊಸ ಪದ್ಧತಿ ಅಲ್ಲ. ಮಂಗಳೂರು ಕಡೆ ಕ್ರೈಸ್ತ ಬಂಧುಗಳು ಕ್ರಿಸ್‌ಮಸ್ಸಿಗೆ ಕುಸ್ವಾರ್ ಎಂದು ಮನೆಯಲ್ಲೇ ಹತ್ತಾರು ತಿಂಡಿ ಮಾಡಿ ಓಣಿಗೆಲ್ಲ ಹಂಚುತ್ತಾರೆ. ನಮ್ಮ ಅಜ್ಜಿಯರು ಎಳ್ಳಮಾಸಿಗೆ ಸಜ್ಜಿ ರೊಟ್ಟಿ, ಭಜ್ಜಿ, ಹಿಂಡಿ ಬುತ್ತಿ ಕಟ್ಟಿ ಹೊಲಕ್ಕೆ ಒಯ್ದು ಚರಗ ಚೆಲ್ಲಿ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಕರೆದು ಉಣಿಸುತ್ತಿದ್ದರು. ಅಂಗಡಿ ಡಬ್ಬಿ ಬಂದದ್ದು ಇತ್ತೀಚೆಗೆ. ಕೈಯಿಂದ ಮಾಡಿ ಕೊಡುವುದು ಹಳೆಯದು.

ಈಗ ಸಂಘದ ಮುಂದೆ ನಮ್ಮದೊಂದು ವಿನಂತಿ. ಪ್ರತಿ ವರ್ಷ ನವೆಂಬರ್ ತಿಂಗಳಿನಲ್ಲಿ ನಮ್ಮ ಊರಿನ ಸ್ತ್ರೀಶಕ್ತಿ ಗುಂಪಿನ ತಾಯಂದಿರ ಜೊತೆ ಕೂತು, ಯಾರಿಗೆ ಎಷ್ಟು ಶೇಂಗಾ, ಮೆಣಸಿನಕಾಯಿ, ಬೆಲ್ಲ ಬೇಕು ಎಂದು ಪಟ್ಟಿ ಮಾಡೋಣ. ಸೇಡಂ ಪೇಟೆಯಿಂದ ಒಟ್ಟಿಗೆ ತಂದು, ಸಂಘದ ತಕ್ಕಡಿಯಲ್ಲಿ ತೂಗಿ, ಬಿದ್ದ ದರಕ್ಕೇ ಹಂಚೋಣ. ಚಿಲ್ಲರೆಗಿಂತ ಕಡಿಮೆ ಬೀಳ್ತದ. ಗೋದಾಮಿನ ಮುಂದಿನ ಖೋಲಿಯನ್ನು ಎರಡು ದಿನ ಕುಟ್ಟಲಿಕ್ಕೆ ಕೊಡೋಣ. ಗೊಬ್ಬರ, ಔಷಧಿ ಇಡುವ ಖೋಲಿ ಮಾತ್ರ ಬೇಡವೇ ಬೇಡ. ಮುಂದೆ ಮಾರುವ ವಿಚಾರ ಬಂದರೆ ಆಹಾರ ಸುರಕ್ಷತಾ ನೋಂದಣಿ ಮಾಡಿಸಿಯೇ ಮಾರಬೇಕು. ಸದ್ಯ ಉಡುಗೊರೆಗೆ ಮಾಡೋಣ, ಕೈಗಡದ ಬಾಗಿಲು ಮುಚ್ಚೋಣ.

ಕೊನೆಗೆ ನಮ್ಮ ತಂಗಿಯ ಮಾತು ಹೇಳಿ ಮುಗಿಸುತ್ತೇವೆ. ಆ ವರ್ಷ ಬೀಗರ ಮನಿಯಲ್ಲಿ ಏನಾಯಿತು ಅಂತ ನಾವು ಅಂಜುತ್ತಲೇ ಕೇಳಿದೆವು. ಆಕಿ ಅಂದಳು, “ಅಣ್ಣಾ, ನಮ್ಮತ್ತಿ ಮೊದಲನೇ ದಿನ ಬಾಟಲಿ ನೋಡಿ ಸುಮ್ಮನಾದ್ರು. ನಂಗೂ ಒಂಥರಾ ಆಯ್ತು. ಮೂರನೇ ದಿನ ನಮ್ಮ ಮಾವನ ಬುತ್ತಿಗೆ ತಾವೇ ಅದನ್ನು ಕಟ್ಟಿದ್ರು. ನೀ ಸಾಲ ಮಾಡಿ ಸೀರಿ ತಂದಿದ್ರ ನಾ ಉಡ್ತಿದ್ದೆ, ಖರೆ ನಂಗ ನಿದ್ದಿ ಬರ್ತಿದ್ದಿಲ್ಲ.” ಈ ಮಾತು ಕೇಳಿ ನಮ್ಮ ಕಣ್ಣು ತುಂಬಿ ಬಂದವು. ಆ ವರ್ಷ ಉಳಿದ ಅಷ್ಟಿಷ್ಟು ತೊಗರಿ ಮಾರಿ ಸಂಘದ ಸಾಲ ಗಡುವಿನೊಳಗೆ ಕಟ್ಟಿದೆವು.

ವಾಡಿಯ ವೈನಿ ಅವರು ನಮ್ಮ ಬಾಟಲಿ ಎಂದೂ ಖಾಲಿ ಮರಳಿಸಿಲ್ಲ. ಕರ್ಚಿಕಾಯಿಯೋ, ಒಂದು ಹಿಡಿ ಸಕ್ಕರಿಯೋ ಹಾಕಿಯೇ ಕಳಿಸುತ್ತಾರೆ. ಖಾಲಿ ಭಾಂಡೆ ತಿರುಗಿ ಕೊಡಬಾರದು ಎಂಬುದು ನಮ್ಮೆಲ್ಲರ ಹಿರಿಯರ ಮಾತು. ಇಪ್ಪತ್ತೈದು ವರ್ಷ ನಮ್ಮ ಸಂಘ ನಡೆದದ್ದೂ ಅದೇ ಮಾತಿನ ಮೇಲೆ.

ತಪ್ಪಾಗಿ ಮಾತಾಡಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿರಿ. 

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.