ಚಾರ್ಮಿನಾರ್ ನೋಡಲು ಹೋಗಿ ಮುತ್ಯಾನ ಕಾಗದ ಓದಿಸಿಕೊಂಡು ಬಂದ ಕಥೆ

ಹೈದರಾಬಾದಿನಲ್ಲಿ ನನಗಿದು ಒಂಬತ್ತನೇ ವರ್ಷ. ಮಾಧಾಪುರದಲ್ಲಿ ಕೆಲಸ, ಕೊಂಡಾಪುರದಲ್ಲಿ ಮನೆ. ನಿಮ್ಮಲ್ಲಿ ತುಂಬಾ ಜನರ ಹಾಗೆ ನಾನೂ ಓಲ್ಡ್ ಸಿಟಿಗೆ ಹೋಗೋದು ಊರಿಂದ ಯಾರಾದರೂ ಬಂದಾಗ ಮಾತ್ರ.

ಈ ಸಲ ಬಂದಿದ್ದವರು ನನ್ನ ಎಂಟೆಕ್ ಗೆಳೆಯರಿಬ್ಬರು. ಒಬ್ಬ ಮೈಸೂರಿನವನು, ಒಬ್ಬಳು ಶಿವಮೊಗ್ಗದವಳು. ಶನಿವಾರ ಬೆಳಿಗ್ಗೆ ಮೊದಲು ಗೋಲ್ಕೊಂಡ. ಫತೇ ದರ್ವಾಜಾದಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಸುಮಾರು ಒಂದು ಕಿಲೋಮೀಟರ್ ದೂರದ ಬಾಲಾ ಹಿಸಾರ್‌ಗೆ ಕೇಳಿಸುತ್ತೆ. ಮೂವರೂ ಜೋರಾಗಿ ತಟ್ಟಿದೆವು. ಕೇಳಿಸಿಕೊಳ್ಳೋಕೆ ಮೇಲೆ ಒಬ್ಬರಾದರೂ ಇರಬೇಕಲ್ಲ ಅಂತ ಆಮೇಲೆ ಹೊಳೆಯಿತು! ನಾನು ಬೀದರಿನವನು. ಕುತುಬ್ ಶಾಹಿ ಮನೆತನ ಶುರು ಮಾಡಿದ ಸುಲ್ತಾನ್ ಕುಲಿ ಮೊದಲು ಬೀದರಿನ ಬಹಮನಿಗಳ ಸರದಾರ. ಹಾಗಾಗಿ ‘ಗೋಲ್ಕೊಂಡ ನಮ್ಮ ಬ್ರಾಂಚ್ ಆಫೀಸು’ ಅಂತ ಒಂದು ಜಂಬದ ಮಾತನ್ನೂ ಹೇಳಿದೆ.

ಮಧ್ಯಾಹ್ನ ಸಾಲಾರ್ ಜಂಗ್ ಮ್ಯೂಸಿಯಂ. ಹೊರಗೆ ಬಂದಾಗ ಸುತ್ತ ಉರ್ದು ಬೋರ್ಡುಗಳನ್ನು ನೋಡಿ ಮೈಸೂರಿನವನು, ‘ಬೇರೆ ದೇಶಕ್ಕೆ ಬಂದ ಹಾಗಿದೆ ಕಣೋ’ ಅಂದ. ಅವನ ಮಟ್ಟಿಗೆ ಸರಿ. ಆದರೆ 1956ರ ತನಕ ಬೀದರ್, ಕಲಬುರಗಿ, ರಾಯಚೂರಿನವರಿಗೆ ರಾಜಧಾನಿ ಇದೇ ಊರು. ನಿಜಾಮರ ರಾಜ್ಯಕ್ಕೆ ಅದರದ್ದೇ ನಾಣ್ಯ. ಕಚೇರಿ, ಕೋರ್ಟು, ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠ, ಎಲ್ಲಾ ಉರ್ದುವಿನಲ್ಲಿ.

ಆಗ ನೆನಪಾಯಿತು, ನನ್ನ ಫೋನಿನಲ್ಲಿ ಒಂದು ಫೋಟೋ ಇತ್ತು. ಮುತ್ಯಾನ, ಅಂದರೆ ಅಜ್ಜನ, ಟ್ರಂಕಿನಲ್ಲಿ ಸಿಕ್ಕ ಉರ್ದು ಕಾಗದ. ಅದು ಐದು ಎಕರೆ ಹೊಲದ ಪತ್ರ ಅಂತ ಕಾಕಾನ ನಂಬಿಕೆ. ಅಪ್ಪನಿಗೂ ಒಳಗೊಳಗೇ ಆಸೆ. ಮನೆಯಲ್ಲಿ ಓದಬಲ್ಲವರು ಯಾರೂ ಇಲ್ಲ.

ಅಲ್ಲೇ ಹತ್ತಿರ ಛತ್ತಾ ಬಜಾರ್. ಮದುವೆ ಕಾರ್ಡು ಛಾಪಿಸುವ ಅಂಗಡಿಗಳ ಸಾಲು. ಒಂದು ಅಂಗಡಿಯಲ್ಲಿ ಹಿರಿಯರೊಬ್ಬರು ಪ್ರೂಫ್ ನೋಡುತ್ತಾ ಕೂತಿದ್ದರು. ಫೋಟೋ ತೋರಿಸಿದೆ. ಕನ್ನಡಕ ಮೇಲೇರಿಸಿ, ಝೂಮ್ ಮಾಡಿಸಿ, ‘ಸನ್ 1353’ ಅಂದರು. ‘ಬಹಮನಿ ಕಾಲದ್ದಾ?’ ಅಂತ ಶಿವಮೊಗ್ಗದವಳು ಬಾಯಿ ಬಿಟ್ಟಳು. ಅವರು ನಕ್ಕು, ಇದು ಫಸಲಿ, 590 ಕೂಡಿಸಿ ಅಂದರು. 1943. ಡೇಟ್ ಫಾರ್ಮ್ಯಾಟ್ ತಪ್ಪಿದರೆ ಏನಾಗುತ್ತೆ ಅಂತ ನಮ್ಮ ಕಸುಬಿನವರಿಗೆ ಹೇಳಬೇಕಾ!

ಅದು ಹೊಲದ ಪತ್ರ ಅಲ್ಲ. ಶಾಲೆಯ ಸರ್ಟಿಫಿಕೇಟು. ಮುತ್ಯಾ ಮಿಡಲ್ ಪರೀಕ್ಷೆ ಪಾಸಾಗಿದ್ದ. ಉರ್ದು, ಲೆಕ್ಕ, ಫಾರಸಿ.

ನಾನು ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಯಾಕಂದರೆ ನನಗೆ ಗೊತ್ತಿದ್ದ ಮುತ್ಯಾನಿಗೆ ಓದೋಕೆ ಬರ್ತಿರಲಿಲ್ಲ. ದಿನಾ ಬೆಳಿಗ್ಗೆ ಕನ್ನಡ ಪೇಪರು ನನ್ನ ಮುಂದೆ ಹಿಡಿದು, ‘ಓದ ತಮ್ಮಾ, ಜೋರಲೆ ಓದ’ ಅಂತಿದ್ದ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ. ನನಗೆ ಹತ್ತು ವರ್ಷ ಇದ್ದಾಗ ಒಮ್ಮೆ, ‘ನೀ ಸಾಲಿಗೇ ಹೋಗಿಲ್ಲೇನು?’ ಅಂತ ಕೇಳಿ ನಕ್ಕಿದ್ದೆ. ಅವನೂ ನಕ್ಕಿದ್ದ, ಏನೂ ಹೇಳಿರಲಿಲ್ಲ. 1956ರ ನವೆಂಬರ್ 1ಕ್ಕೆ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು, ಬರಬರುತ್ತಾ ಕಚೇರಿಯ ಫಾರಂಗಳೆಲ್ಲ ಕನ್ನಡಕ್ಕೆ ಬಂದವು. ನಮ್ಮ ಭಾಷೆ ಬಂತು ಅಂತ ಖುಷಿಪಡಬೇಕಾದ್ದೇ, ನಾನೂ ಖುಷಿಪಡುತ್ತೇನೆ. ಆದರೆ ಮನೆಯಲ್ಲಿ ಕನ್ನಡವನ್ನೇ ಆಡುತ್ತಿದ್ದ ಆ ಮನುಷ್ಯ, ಕನ್ನಡ ಅಕ್ಷರದ ಮುಂದೆ ಅನಕ್ಷರಸ್ಥನಾದ.

ಹಿರಿಯರು ದುಡ್ಡು ಮುಟ್ಟಲಿಲ್ಲ. ‘ನಿಮ್ಮ ದಾದಾ ಓದಿದವರು’ ಅಂತ ಹಿಂದಿಯಲ್ಲಿ ಹೇಳಿ ಚಹಾ ಕುಡಿಸಿದರು. ಚೌಮೊಹಲ್ಲಾ ಅರಮನೆ ನೋಡೋದು ತಪ್ಪಿಹೋಯಿತು. ದೀಪ ಹಚ್ಚಿದ ಮೇಲೆ 1591ರ ಚಾರ್ಮಿನಾರಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡೆವು, ಅಷ್ಟೇ.

ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ. ಹೊಲ ಇಲ್ಲ ಅಂದೆ. ‘ಹೂಂ’ ಅಂದರು. ಸರ್ಟಿಫಿಕೇಟಿನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಲೈನ್ ಕಟ್ ಆಯ್ತೇನೋ ಅಂತ ನೋಡುವಷ್ಟರಲ್ಲಿ ಕೇಳಿದರು: ‘ಫಾರಸಿದಾಗ ಎಷ್ಟ್ ಬಂದಾವ?’