ಮಡಚದ ಆ ಒಂದು ಬೆರಳು

ಇವತ್ತು ಕೇಳ್ತಾ ಕೇಳ್ತಾನೇ ಒಂದು ಕೆಲಸ ಮಾಡಿ. ಮನೇಲಿ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಇದ್ರೆ, ಬಲೂನಿನ ಹಾಗೆ ಊದಿ, ಬಾಯಿ ಬಿಗಿಯಾಗಿ ಹಿಡಿದು, ಒಂದು ಬೆರಳನ್ನು ಮಡಚಿ ನೋಡಿ. ಬಿಟ್ಟ ತಕ್ಷಣ ನೆಟ್ಟಗಾಯ್ತು ಅಲ್ವಾ?

ಅಮೆರಿಕದ ಮೊದಲ ಗಗನಯಾತ್ರಿಗಳಿಗೆ ಸೂಟ್ ಮಾಡಿದವರ ತಲೆನೋವೂ ಇದೇ. 1959ರಲ್ಲಿ ನಾಸಾ ಮರ್ಕ್ಯುರಿ ಯೋಜನೆಗೆ ಏಳು ಜನರನ್ನು ಆರಿಸಿತು. ನೌಕಾಪಡೆಯ ಪೈಲಟ್‌ಗಳು ಹಾಕುತ್ತಿದ್ದ ಪ್ರೆಶರ್ ಸೂಟನ್ನೇ ಬಿ.ಎಫ್. ಗುಡ್‌ರಿಚ್ ಕಂಪನಿ ಅವರಿಗಾಗಿ ಮಾರ್ಪಡಿಸಿತು. ಸಾಮಾನ್ಯವಾಗಿ ಈ ಸೂಟ್ ಮೆತ್ತಗಿರುತ್ತೆ. ಕ್ಯಾಬಿನ್‌ನ ಗಾಳಿ ಸೋರಿದರೆ ಮಾತ್ರ ಉಬ್ಬುತ್ತೆ. ಅಂದ್ರೆ, ಜೀವಕ್ಕೆ ಕುತ್ತು ಬಂದ ಗಳಿಗೆಯಲ್ಲೇ ಬೆರಳೂ ಮಾತು ಕೇಳಲ್ಲ! ಆದ್ರೆ ಸ್ವಿಚ್ ಒತ್ತಲೇಬೇಕು, ನಿಯಂತ್ರಣದ ಹಿಡಿ ಬಿಡುವಂತಿಲ್ಲ.

ಅವರು ಕಂಡುಕೊಂಡ ಉಪಾಯ ನನಗೆ ತುಂಬಾ ಇಷ್ಟ. ಗ್ಲೌಸ್‌ನ ಬೆರಳುಗಳನ್ನು ಮೊದಲೇ ಬಾಗಿಸಿ ಹೊಲಿದರು, ಹಿಡಿ ಹಿಡಿದ ಕೈಯ ಹಾಗೆ. ಮಧ್ಯದ ಬೆರಳನ್ನು ಮಾತ್ರ ನೆಟ್ಟಗೆ ಬಿಟ್ಟರು. ನಗಬೇಡಿ, ಅದು ಬಟನ್ ಒತ್ತೋಕೆ! ಗಾಳಿಯ ಜೊತೆ ಗುದ್ದಾಡುವ ಬದಲು, ಕೈಗೆ ಬೇಕಾದ ಆಕಾರವನ್ನೇ ಗ್ಲೌಸ್‌ಗೆ ಕೊಟ್ಟರು.

ಆದರೂ ಮಣಿಕಟ್ಟಿನ ಸಮಸ್ಯೆ ಉಳೀತು. ಕ್ಯಾಪ್ಸೂಲಿನ ಮೂತಿಯನ್ನು ಎಡಕ್ಕೋ ಬಲಕ್ಕೋ ತಿರುಗಿಸಬೇಕಾದ್ರೆ ಹಿಡಿಯನ್ನು ಮಣಿಕಟ್ಟಿನಿಂದ ತಿರುಚಬೇಕಿತ್ತು. ಉಬ್ಬಿದ ಸೂಟಿನಲ್ಲಿ ಅದು ಕಷ್ಟ. 1961ರ ಮೇ 5ರಂದು ಅಲನ್ ಶೆಪರ್ಡ್ ಹಾರಿ ಬಂದರು. ಜುಲೈ 21ರಂದು ಗಸ್ ಗ್ರಿಸಮ್ ಹೊರಡುವಷ್ಟರಲ್ಲಿ ಗ್ಲೌಸ್ ಮತ್ತು ತೋಳು ಸೇರುವ ಕಡೆ ಬಾಲ್ ಬೇರಿಂಗ್ ಇರುವ ಉಂಗುರ ಬಂದಿತ್ತು. ಸೂಟ್ ಉಬ್ಬಿದರೂ ಮಣಿಕಟ್ಟು ಸಲೀಸಾಗಿ ತಿರುಗುವಂತಾಯ್ತು.

1962ರ ಫೆಬ್ರವರಿ 20ರಂದು ಜಾನ್ ಗ್ಲೆನ್ ಭೂಮಿಯನ್ನು ಮೂರು ಸುತ್ತು ಹಾಕಿದರು. ಪ್ರತಿ ಸುತ್ತಿನಲ್ಲೂ ಒಂದು ರಾತ್ರಿ. ಕತ್ತಲಲ್ಲಿ ಮೀಟರ್, ನಕ್ಷೆ ನೋಡೋಕೆ ಅವರ ಗ್ಲೌಸ್‌ನ ಬೆರಳ ತುದಿಯಲ್ಲೇ ಪುಟ್ಟ ಲೈಟುಗಳಿದ್ದವು.

ಸಮಸ್ಯೆ ಅಲ್ಲಿಗೇ ಮುಗೀಲಿಲ್ಲ. ಅಪೊಲೊ ಕಾಲಕ್ಕೆ ಒಬ್ಬೊಬ್ಬರ ಕೈಯ ಅಚ್ಚು ತೆಗೆದು ಗ್ಲೌಸ್ ಮಾಡಿದರು. ಹಾಗಿದ್ದರೂ 1971ರಲ್ಲಿ ಚಂದ್ರನ ಮೇಲೆ ದುಡಿದ ಡೇವಿಡ್ ಸ್ಕಾಟ್ ಅವರ ಉಗುರುಗಳು ಗ್ಲೌಸ್‌ನ ತುದಿಗೆ ಒತ್ತಿ ಒತ್ತಿ ವಿಪರೀತ ನೋಯುತ್ತಿದ್ದವು.

ರಾಕೆಟ್ ಹಾರೋದನ್ನ ನಾವೆಲ್ಲ ಬಾಯಿ ಬಿಟ್ಟು ನೋಡ್ತೀವಿ. ಮುಂದಿನ ಸಲ ಗಗನಯಾತ್ರಿಯ ಫೋಟೋ ಕಂಡ್ರೆ ಜೂಮ್ ಮಾಡಿ, ಕೈ ನೋಡಿ. ಅಷ್ಟು ದೊಡ್ಡ ರಾಕೆಟ್ ಮೇಲೆ ಕೊಂಡೊಯ್ದ ಮೇಲೂ ಕೆಲಸ ಮಾಡಬೇಕಾದ್ದು ಆ ಬೆರಳುಗಳೇ. ಮತ್ತೆ ಸಿಗೋಣ.